ಕೀಮ್ಯಾನ್ ವಿಮೆ: ವರ್ತಕರೂ ಸಣ್ಣ ಉದ್ದಿಮೆದಾರರೂ ತಿಳಿದಿರಬೇಕಾದ ಸಂಗತಿಗಳು

ಗೋದಾಮಿನ ಸರಕಿಗೆ ಅಗ್ನಿ ವಿಮೆ, ಲಾರಿಗೆ ವಾಹನ ವಿಮೆ, ರವಾನೆಯಾಗುವ ಮಾಲಿಗೆ ಸಾಗಣೆ ವಿಮೆ ಮಾಡಿಸದ ವ್ಯವಹಾರಸ್ಥರು ಇಂದು ವಿರಳ. ಇದರಲ್ಲಿ ಸ್ವಂತ ಮುಂದಾಲೋಚನೆಗಿಂತ ಬ್ಯಾಂಕಿನ ಷರತ್ತು ಮತ್ತು ಮೋಟಾರು ವಾಹನ ಕಾಯಿದೆಯ ಪಾಲೇ ಹೆಚ್ಚು ಎಂಬುದು ಬೇರೆ ಮಾತು. ಆದರೆ ಆ ಸರಕನ್ನು ಯಾರಿಂದ ಯಾವಾಗ ಕೊಳ್ಳಬೇಕು, ಯಾವ ಗಿರಾಕಿಗೆ ಎಷ್ಟು ಉದ್ರಿ ಕೊಡಬಹುದು, ಕೆಟ್ಟು ನಿಂತ ಯಂತ್ರವನ್ನು ಯಾರು ಸರಿಪಡಿಸಬಲ್ಲರು ಎಂಬುದನ್ನು ಬಲ್ಲ ವ್ಯಕ್ತಿಯ ಹೆಸರು ಅಢಾವೆ ಪತ್ರಿಕೆಯ ಆಸ್ತಿಯ ಬದಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಲೆಕ್ಕಕ್ಕೆ ಸಿಗದ ಈ ಆಸ್ತಿಗೆ ವಿಮೆಯೂ ಇರುವುದಿಲ್ಲ. 2020 ಮತ್ತು 2021ರ ಕೋವಿಡ್ ಅವಧಿಯಲ್ಲಿ ಅನೇಕ ಸಂಸ್ಥೆಗಳು ಈ ಕೊರತೆಯನ್ನು ಅತ್ಯಂತ ಕಹಿಯಾದ ರೀತಿಯಲ್ಲಿ ಅರಿತುಕೊಂಡವು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬೆಳಗಾವಿಯ ಉದ್ಯಮಬಾಗದಂತಹ ಪ್ರದೇಶದಲ್ಲಿ ಮೂವರು ಪಾಲುದಾರರ ಒಂದು ಫೌಂಡ್ರಿ. ಹಿರಿಯ ಪಾಲುದಾರರೇ ಪಂಪ್ ಮತ್ತು ವಾಲ್ವ್ ತಯಾರಕರಿಂದ ಆರ್ಡರು ತರುವವರು, ಬ್ಯಾಂಕಿನ ವ್ಯವಹಾರ ನೋಡುವವರು, ಕ್ಯಾಷ್ ಕ್ರೆಡಿಟ್ ಸಾಲಕ್ಕೆ ವೈಯಕ್ತಿಕ ಜಾಮೀನು ನೀಡಿದವರು. ಅವರು ಹೃದಯಾಘಾತದಿಂದ ತೀರಿಕೊಂಡರೆಂದು ಭಾವಿಸೋಣ. ಹದಿನೈದು ದಿನಗಳೊಳಗೆ ನಾಲ್ಕು ದಿಕ್ಕಿನಿಂದ ಒತ್ತಡ ಆರಂಭವಾಗುತ್ತದೆ. ಭಾರತೀಯ ಕರಾರು ಕಾಯಿದೆಯ 131ನೆಯ ಕಲಮಿನಂತೆ, ವಿರುದ್ಧವಾದ ಕರಾರು ಇಲ್ಲದಿದ್ದಲ್ಲಿ, ಜಾಮೀನುದಾರನ ಮರಣದೊಂದಿಗೆ ಮುಂದಿನ ವ್ಯವಹಾರಗಳ ಮಟ್ಟಿಗೆ ಆತನ ಮುಂದುವರಿಯುವ ಜಾಮೀನು ರದ್ದಾಗುತ್ತದೆ. ಆದುದರಿಂದ ಬ್ಯಾಂಕು ಹಳೆಯ ಖಾತೆಯ ವ್ಯವಹಾರವನ್ನು ನಿಲ್ಲಿಸಿ ಹೊಸ ದಾಖಲೆ, ಹೊಸ ಜಾಮೀನು ಕೇಳುತ್ತದೆ. ಪಿಗ್ ಐರನ್ ಮತ್ತು ಸ್ಕ್ರ್ಯಾಪ್ ಪೂರೈಸುವವರು 60 ದಿನಗಳ ಉದ್ರಿಯನ್ನು ನಗದಿಗೆ ಇಳಿಸುತ್ತಾರೆ. ಗಿರಾಕಿ ಸಂಸ್ಥೆಯ ಖರೀದಿ ಅಧಿಕಾರಿ ಸಂತಾಪ ಸೂಚಿಸಿ, ಮುಂದಿನ ಆರ್ಡರಿನ ಅರ್ಧವನ್ನು ಬೇರೊಂದು ಫೌಂಡ್ರಿಗೆ ಕೊಡುತ್ತಾರೆ. ಅದರಲ್ಲಿ ಅವರ ತಪ್ಪೂ ಇಲ್ಲ. ನಾಲ್ಕನೆಯದಾಗಿ, ಮೃತರ ಕುಟುಂಬ ತಮ್ಮ ಪಾಲಿನ ಬಂಡವಾಳವನ್ನು ಕೇಳುತ್ತದೆ. ಇಷ್ಟೆಲ್ಲ ನಡೆಯುವಾಗ ಕಾರ್ಖಾನೆಯ ಗೋಡೆಯಾಗಲಿ ಯಂತ್ರವಾಗಲಿ ಕೂದಲಷ್ಟೂ ಹಾಳಾಗಿರುವುದಿಲ್ಲ.

ಇಂತಹ ಸಂದರ್ಭದಲ್ಲಿ ಸಂಸ್ಥೆಯ ಕೈಗೆ ತಕ್ಷಣ ಹಣ ಬರುವಂತೆ ಮಾಡುವ ಏರ್ಪಾಡೇ ಕೀಮ್ಯಾನ್ ವಿಮೆ, ಅರ್ಥಾತ್ ಪ್ರಮುಖ ವ್ಯಕ್ತಿಯ ವಿಮೆ. ಇಲ್ಲಿ ಪಾಲಿಸಿಯ ಮಾಲೀಕ ಸಂಸ್ಥೆ. ಕಂತು ಕಟ್ಟುವುದು ಸಂಸ್ಥೆ. ಹಣ ಪಡೆಯುವುದೂ ಸಂಸ್ಥೆ. ವ್ಯಕ್ತಿಯದು ಜೀವ ಮಾತ್ರ.

ಯಾರು ಪ್ರಮುಖರು?

ಈ ಪ್ರಶ್ನೆಗೆ ಹೆಚ್ಚಿನ ಮಾಲೀಕರು ಕನ್ನಡಿಯ ಮುಂದೆ ನಿಂತು ಉತ್ತರ ಹೇಳುತ್ತಾರೆ. ವಾಸ್ತವವಾಗಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮಾಲನ್ನು ಕೈಗೆತ್ತಿಕೊಂಡೊಡನೆ ಬಣ್ಣವನ್ನೂ ತೇವಾಂಶವನ್ನೂ ಅಂದಾಜು ಮಾಡುವ ಖರೀದಿದಾರ, ಇಪ್ಪತ್ತೈದು ವರ್ಷಗಳಿಂದ ವಸೂಲಿ ನೋಡುತ್ತಿರುವ ದಿವಾನಜಿ, ಕುಲುಮೆಯ ಮುಂದೆ ನಿಂತು ಲೋಹದ ಹದ ಹೇಳುವ ಮೇಸ್ತ್ರಿ, ಇವರಲ್ಲಿ ಒಬ್ಬರು ಮಾಲೀಕರಿಗಿಂತಲೂ ಪ್ರಮುಖರಾಗಿರಬಹುದು. ಮಾಲೀಕರು ಒಂದು ತಿಂಗಳು ತೀರ್ಥಯಾತ್ರೆಗೆ ಹೋದರೆ ಅಂಗಡಿ ನಡೆಯುತ್ತದೆ. ದಿವಾನಜಿ ಒಂದು ವಾರ ಮಲಗಿದರೆ ಯಾರಿಂದ ಎಷ್ಟು ಬರಬೇಕೆಂಬುದೇ ತಿಳಿಯುವುದಿಲ್ಲ. ಆ ವ್ಯಕ್ತಿ ಇಲ್ಲವಾದರೆ ಮುಂದಿನ ಹನ್ನೆರಡು ತಿಂಗಳಲ್ಲಿ ಎಷ್ಟು ಲಾಭ ಕಡಿಮೆಯಾಗುತ್ತದೆ, ಬದಲಿ ವ್ಯಕ್ತಿಯನ್ನು ಹುಡುಕಿ ತಯಾರು ಮಾಡಲು ಎಷ್ಟು ಖರ್ಚು ತಗಲುತ್ತದೆ ಎಂಬ ಎರಡು ಅಂಕಿಗಳನ್ನು ಕಾಗದದ ಮೇಲೆ ಬರೆದು ನೋಡಿದರೆ ಹೆಸರು ತಾನಾಗಿಯೇ ಹೊರಬೀಳುತ್ತದೆ.

ಕಾನೂನಿನ ವ್ಯಾಖ್ಯೆಯೂ ವಿಶಾಲವಾಗಿದೆ. 1996ರಲ್ಲಿ 1961ರ ಆದಾಯ ತೆರಿಗೆ ಕಾಯಿದೆಗೆ ಸೇರಿಸಲಾದ ವಿವರಣೆಯಂತೆ, ತನ್ನ ನೌಕರನಾಗಿರುವ ಅಥವಾ ಆಗಿದ್ದ, ಇಲ್ಲವೇ ತನ್ನ ವ್ಯವಹಾರದೊಂದಿಗೆ ಯಾವುದೇ ರೀತಿಯಲ್ಲಿ ಸಂಬಂಧ ಹೊಂದಿರುವ ಅಥವಾ ಹೊಂದಿದ್ದ ಇನ್ನೊಬ್ಬ ವ್ಯಕ್ತಿಯ ಜೀವದ ಮೇಲೆ ಪಡೆದ ಪಾಲಿಸಿಯೇ ಕೀಮ್ಯಾನ್ ಪಾಲಿಸಿ. 'ಇನ್ನೊಬ್ಬ ವ್ಯಕ್ತಿ' ಎಂಬ ಪದ ಇಲ್ಲಿ ಮುಖ್ಯ. ಏಕಮಾಲೀಕತ್ವದ ಅಂಗಡಿಯ ಯಜಮಾನರು ತಮ್ಮ ಮ್ಯಾನೇಜರರ ಮೇಲೆ ಇದನ್ನು ಪಡೆಯಬಹುದೇ ಹೊರತು ತಮ್ಮ ಮೇಲೆ ತಾವೇ ಪಡೆಯುವಂತಿಲ್ಲ. ಏಕೆಂದರೆ ಅಲ್ಲಿ ವ್ಯವಹಾರ ಮತ್ತು ವ್ಯಕ್ತಿ ಕಾನೂನಿನ ದೃಷ್ಟಿಯಲ್ಲಿ ಒಂದೇ. ಅವರು ಸಾಲದ ಮೊತ್ತಕ್ಕೆ ಸಾಲುವಷ್ಟು ಸಾಮಾನ್ಯ ಟರ್ಮ್ ಪಾಲಿಸಿ ಪಡೆಯುವುದೇ ಸರಿಯಾದ ಮಾರ್ಗ. ಪಾಲುದಾರಿಕೆ ಸಂಸ್ಥೆಯು ಪಾಲುದಾರನ ಜೀವದ ಮೇಲೆ ಪಡೆದ ಪಾಲಿಸಿಯ ವಿಷಯದಲ್ಲಿ ಬಹುಕಾಲ ವಿವಾದವಿತ್ತು. 2010ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಬಿ.ಎನ್. ಎಕ್ಸ್‌ಪೋರ್ಟ್ಸ್ ಪ್ರಕರಣದಲ್ಲಿ ಅಂತಹ ಕಂತೂ ವ್ಯವಹಾರದ ಖರ್ಚೇ ಎಂದು ತೀರ್ಪಿತ್ತಿತು.

ತೆರಿಗೆಯ ಎರಡು ಮುಖಗಳು

ಕಂತನ್ನು ವ್ಯವಹಾರದ ಖರ್ಚಾಗಿ ಕಳೆಯಬಹುದೆಂದು ಕೇಂದ್ರ ನೇರ ತೆರಿಗೆ ಮಂಡಳಿಯ 1998ರ 762ನೆಯ ಸುತ್ತೋಲೆ ಸ್ಪಷ್ಟಪಡಿಸಿದೆ. ವಿಮಾ ಪ್ರತಿನಿಧಿಗಳು ಇಷ್ಟನ್ನು ತಪ್ಪದೆ ಹೇಳುತ್ತಾರೆ. ಆದರೆ ನಾಣ್ಯದ ಇನ್ನೊಂದು ಮುಖವೂ ಉಂಟು. ಸಾಮಾನ್ಯ ಜೀವ ವಿಮೆಯ ಮರಣ ಪರಿಹಾರಕ್ಕೆ ಇರುವ ತೆರಿಗೆ ವಿನಾಯಿತಿ ಕೀಮ್ಯಾನ್ ಪಾಲಿಸಿಗೆ ಇಲ್ಲ. ಸಂಸ್ಥೆಗೆ ಬರುವ ಹಣ ಆ ವರ್ಷದ ವ್ಯಾಪಾರದ ಆದಾಯವಾಗುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ತತ್ತ್ವ ಮುಂದುವರಿದಿದೆ.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡುವುದು ಒಳಿತು. ಮೇಲೆ ಹೇಳಿದ ಫೌಂಡ್ರಿಗೆ ಆಪತ್ಕಾಲದಲ್ಲಿ 50 ಲಕ್ಷ ರೂಪಾಯಿ ಬೇಕೆಂದು ಅಂದಾಜು ಮಾಡಿ ಅಷ್ಟೇ ಮೊತ್ತಕ್ಕೆ ಪಾಲಿಸಿ ಮಾಡಿಸಿದ್ದರೆ, ಪಾಲುದಾರಿಕೆ ಸಂಸ್ಥೆಗೆ ಶೇ. 30ರ ತೆರಿಗೆ ಮತ್ತು ಅದರ ಮೇಲೆ ಶೇ. 4ರ ಸೆಸ್ ಸೇರಿ ಶೇ. 31.2, ಅಂದರೆ 15.60 ಲಕ್ಷ ರೂಪಾಯಿ ತೆರಿಗೆಗೆ ಹೋಗಿ ಕೈಯಲ್ಲಿ ಉಳಿಯುವುದು 34.40 ಲಕ್ಷ ಮಾತ್ರ. ನಿವ್ವಳ 50 ಲಕ್ಷ ಉಳಿಯಬೇಕಾದರೆ ವಿಮಾ ಮೊತ್ತ ಸುಮಾರು 73 ಲಕ್ಷ ಇರಬೇಕು. ಆ ವರ್ಷದ ಒಟ್ಟು ಆದಾಯ 1 ಕೋಟಿ ಮೀರಿದರೆ ಸರ್ಚಾರ್ಜ್ ಸೇರಿ ಇನ್ನೂ ಹೆಚ್ಚು. ಶೇ. 22ರ ರಿಯಾಯಿತಿ ದರವನ್ನು ಆಯ್ದುಕೊಂಡ ಕಂಪನಿಗೆ ಸರ್ಚಾರ್ಜ್ ಮತ್ತು ಸೆಸ್ ಸೇರಿ ಶೇ. 25.168 ಆಗುವುದರಿಂದ ಸುಮಾರು 67 ಲಕ್ಷ ಸಾಕು. ಒಂದು ಸಮಾಧಾನವೆಂದರೆ, ಬಂದ ಹಣ ವ್ಯಾಪಾರದ ಆದಾಯವೇ ಆದುದರಿಂದ ಅದೇ ವರ್ಷದಲ್ಲಿ ವ್ಯವಹಾರಕ್ಕೆ ಉಂಟಾದ ನಷ್ಟವನ್ನು ಅದರೊಂದಿಗೆ ಹೊಂದಿಸಿಕೊಳ್ಳಬಹುದು. ಪ್ರಮುಖರನ್ನು ಕಳೆದುಕೊಂಡ ವರ್ಷದಲ್ಲಿ ನಷ್ಟವಾಗುವ ಸಂಭವವೂ ಇದ್ದೇ ಇರುತ್ತದೆ.

ಈ ವಿಮೆಯ ಹೆಸರು ಒಂದು ಕಾಲದಲ್ಲಿ ಸ್ವಲ್ಪ ಕೆಟ್ಟಿತ್ತು. ದೊಡ್ಡ ಕಂತಿನ ಉಳಿತಾಯ ಪಾಲಿಸಿಯನ್ನು ನಿರ್ದೇಶಕರ ಮೇಲೆ ಪಡೆದು, ಕಂತನ್ನೆಲ್ಲ ಕಂಪನಿಯ ಖರ್ಚಿಗೆ ಹಾಕಿ, ಕೆಲವು ವರ್ಷಗಳ ನಂತರ ಅಲ್ಪ ಮೌಲ್ಯಕ್ಕೆ ಅದೇ ನಿರ್ದೇಶಕರಿಗೆ ವರ್ಗಾಯಿಸಿ, ಅವಧಿ ಮುಗಿದಾಗ ಬಂದ ಹಣವನ್ನು ತೆರಿಗೆರಹಿತವೆಂದು ತೋರಿಸುವ ಜಾಣತನ ನಡೆಯುತ್ತಿತ್ತು. 2005ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಕೀಮ್ಯಾನ್ ವಿಮೆಯನ್ನು ಟರ್ಮ್ ಪಾಲಿಸಿಗೆ ಸೀಮಿತಗೊಳಿಸಿತು. 2013ರ ಹಣಕಾಸು ಕಾಯಿದೆಯು, ನಡುವೆ ಯಾರಿಗೇ ವರ್ಗಾಯಿಸಿದರೂ ಪಾಲಿಸಿ ಕೀಮ್ಯಾನ್ ಆಗಿಯೇ ಉಳಿಯುತ್ತದೆಂದು ವ್ಯಾಖ್ಯೆಯನ್ನು ತಿದ್ದಿತು. ಹೀಗಾಗಿ, ಕೆಲಸ ಬಿಟ್ಟು ಹೋಗುವ ನಿಷ್ಠಾವಂತ ನೌಕರನಿಗೆ ಅವನ ಹೆಸರಿನ ಪಾಲಿಸಿಯನ್ನು ಉಡುಗೊರೆಯಾಗಿ ಬರೆದುಕೊಡುವುದು ಉಪಕಾರವಾಗದೆ, ಮುಂದೆ ಅವನ ಕುಟುಂಬ ಮರಣ ಪರಿಹಾರದ ಮೇಲೆ ತೆರಿಗೆ ಕಟ್ಟಬೇಕಾಗುವ ಸ್ಥಿತಿ ಬರುತ್ತದೆ. ಅವನು ತನ್ನದೇ ಹೊಸ ಪಾಲಿಸಿ ಪಡೆಯುವುದು ಲೇಸು.

ಪಾಲುದಾರಿಕೆ ಸಂಸ್ಥೆಗಳ ತೊಡಕು

ಸದಸ್ಯ ಸಂಸ್ಥೆಗಳಲ್ಲಿ ಪಾಲುದಾರಿಕೆಯವೇ ಹೆಚ್ಚಾದ್ದರಿಂದ ಇಲ್ಲಿ ಸ್ವಲ್ಪ ವಿವರ ಅಗತ್ಯ. 1932ರ ಪಾಲುದಾರಿಕೆ ಕಾಯಿದೆಯ 42ನೆಯ ಕಲಮಿನಂತೆ, ಪಾಲುದಾರರ ನಡುವೆ ಬೇರೆ ಕರಾರು ಇಲ್ಲದಿದ್ದರೆ, ಒಬ್ಬ ಪಾಲುದಾರನ ಮರಣದಿಂದ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. 'ಮರಣದಿಂದ ಸಂಸ್ಥೆ ವಿಸರ್ಜನೆಯಾಗತಕ್ಕದ್ದಲ್ಲ' ಎಂಬ ಒಂದು ಸಾಲು ಬಹುತೇಕ ಪಾಲುಪತ್ರಗಳಲ್ಲಿ ಇರುವುದೇನೋ ನಿಜ. ಆದರೆ ಇಬ್ಬರೇ ಪಾಲುದಾರರಿರುವಲ್ಲಿ ಆ ಸಾಲಿನಿಂದ ಪ್ರಯೋಜನವಿಲ್ಲ. ಒಬ್ಬರು ತೀರಿಕೊಂಡರೆ ಉಳಿದ ಒಬ್ಬರಿಂದ ಪಾಲುದಾರಿಕೆಯಾಗದು ಎಂದು ಸರ್ವೋಚ್ಚ ನ್ಯಾಯಾಲಯ 1965ರಲ್ಲಿ ಸೇಠ್ ಗೋವಿಂದರಾಂ ಶುಗರ್ ಮಿಲ್ಸ್ ಪ್ರಕರಣದಲ್ಲಿ ಹೇಳಿತು. ಅಂದರೆ, ಅಣ್ಣತಮ್ಮಂದಿರಿಬ್ಬರ ಸಂಸ್ಥೆಯು ಅಣ್ಣನ ಮೇಲೆ ಪಾಲಿಸಿ ಪಡೆದಿದ್ದರೆ, ಹಣ ಪಡೆಯಬೇಕಾದ ಸಂಸ್ಥೆ ಹಣ ಬರುವ ಮುನ್ನವೇ ವಿಸರ್ಜನೆಯಾಗಿರುತ್ತದೆ! ಮೂರನೆಯವರೊಬ್ಬರನ್ನು, ಮಗನನ್ನೋ ಮನೆಯವರನ್ನೋ, ಮೊದಲೇ ಪಾಲುದಾರರಾಗಿ ಸೇರಿಸಿಕೊಂಡು ಮುಂದುವರಿಕೆಯ ಷರತ್ತನ್ನು ಬರೆದಿಟ್ಟರೆ ಈ ಇಕ್ಕಟ್ಟು ತಪ್ಪುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಬಂದ ವಿಮಾ ಹಣ ಲಾಭ-ನಷ್ಟ ಖಾತೆಗೆ ಜಮೆಯಾಗುತ್ತದೆ. ಆ ಲಾಭ ಯಾರದು? ಬದುಕಿರುವ ಪಾಲುದಾರರದೇ, ಅಥವಾ ಮೃತರ ವಾರಸುದಾರರಿಗೂ ಅದರಲ್ಲಿ ಪಾಲುಂಟೇ? ಪಾಲುಪತ್ರ ಮೌನವಾಗಿದ್ದರೆ ಜಗಳಕ್ಕೆ ಬೇರೆ ಕಾರಣ ಬೇಡ. ಲೆಕ್ಕ ತೀರಿಸದೆ ವ್ಯವಹಾರ ಮುಂದುವರಿಸಿದರೆ, ವಾರಸುದಾರರು ಮೃತರ ಪಾಲಿನ ಆಸ್ತಿಯ ಬಳಕೆಯಿಂದ ಬಂದ ಲಾಭವನ್ನಾಗಲಿ ವರ್ಷಕ್ಕೆ ಶೇ. 6ರ ಬಡ್ಡಿಯನ್ನಾಗಲಿ ತಮ್ಮ ಇಚ್ಛೆಯಂತೆ ಕೇಳಬಹುದೆಂದು ಅದೇ ಕಾಯಿದೆಯ 37ನೆಯ ಕಲಮು ಹೇಳುತ್ತದೆ. ಆದುದರಿಂದ ಪಾಲಿಸಿಯ ಪ್ರಸ್ತಾವಕ್ಕೆ ಸಹಿ ಮಾಡುವ ದಿನವೇ ಪಾಲುಪತ್ರಕ್ಕೆ ಪೂರಕ ಪತ್ರ ಬರೆಸಿ, ಹಣದಿಂದ ಮೊದಲು ಬ್ಯಾಂಕಿನ ಸಾಲವೇ, ಮೃತರ ಬಂಡವಾಳ ಖಾತೆಯೇ, ಉಳಿದದ್ದು ಯಾರಿಗೆ ಎಂಬುದನ್ನು ನಮೂದಿಸತಕ್ಕದ್ದು. ಛಾಪಾ ಕಾಗದದ ಖರ್ಚು ವಕೀಲರ ಶುಲ್ಕಕ್ಕಿಂತ ಎಂದಿಗೂ ಕಡಿಮೆಯೇ.

ಕುಟುಂಬಕ್ಕೆ ಏನು?

ಅತ್ಯಂತ ನೋವಿನ ತಪ್ಪು ತಿಳಿವಳಿಕೆ ಉಂಟಾಗುವುದು ಇಲ್ಲಿಯೇ. 'ಯಜಮಾನರ ಹೆಸರಿನಲ್ಲಿ ದೊಡ್ಡ ಪಾಲಿಸಿ ಇದೆ' ಎಂದು ಮನೆಯವರು ಕೇಳಿರುತ್ತಾರೆ. ಹದಿಮೂರನೆಯ ದಿನ ಮುಗಿದ ಮೇಲೆ ಆ ಹಣ ಸಂಸ್ಥೆಯದು, ತಮಗೆ ಅದರಲ್ಲಿ ನೇರ ಹಕ್ಕಿಲ್ಲ ಎಂದು ತಿಳಿದಾಗ, ಉಳಿದ ಪಾಲುದಾರರು ಮೋಸ ಮಾಡಿದರೆಂಬ ಭಾವನೆ ಬರುವುದು ಸಹಜ. ಮೇಸ್ತ್ರಿಯ ಅಥವಾ ದಿವಾನಜಿಯ ಮನೆಯವರಿಗಂತೂ ತಮ್ಮವರ ಸಾವಿನಿಂದ ಮಾಲೀಕರಿಗೆ ಹಣ ಬಂದಿತೆಂಬ ಸುದ್ದಿ ಹೇಗೆ ಕೇಳಿಸೀತು? ಕಾನೂನಿನ ಪ್ರಕಾರ ಎಲ್ಲವೂ ಸರಿಯಿರಬಹುದು. ಊರಿನ ಬಾಯಿಗೆ ಕಾನೂನಿಲ್ಲ.

ಆದುದರಿಂದ ಕೀಮ್ಯಾನ್ ಪಾಲಿಸಿಯನ್ನು ಒಂಟಿಯಾಗಿ ಮಾಡಿಸುವುದು ವಿವೇಕವಲ್ಲ. ಪಾಲುದಾರರು ತಮ್ಮ ಸ್ವಂತ ಹಣದಿಂದ, 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯ 6ನೆಯ ಕಲಮಿನಡಿ, ಪತ್ನಿ ಮತ್ತು ಮಕ್ಕಳ ಪ್ರಯೋಜನಕ್ಕೆಂದು ಪ್ರತ್ಯೇಕ ಪಾಲಿಸಿ ಪಡೆಯಬೇಕು. ಆ ಹಣ ನ್ಯಾಸದ ಸ್ವರೂಪ ಪಡೆಯುವುದರಿಂದ ಸಾಲಗಾರರ ಕೈಗೆ ಸಿಗದು. ಪಾಲುದಾರನ ಹೊಣೆ ಅಪರಿಮಿತವಾಗಿರುವಾಗ ಇದರ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಪಾಲಿಸಿ ಪಡೆಯುವಾಗಲೇ ಆ ಘೋಷಣೆಯನ್ನು ಭರ್ತಿ ಮಾಡಬೇಕು, ನಂತರ ಸೇರಿಸುವಂತಿಲ್ಲ. ನೌಕರರಿಗೆ ಭವಿಷ್ಯ ನಿಧಿಗೆ ಹೊಂದಿಕೊಂಡ ಠೇವಣಿ ಸಂಬಂಧಿತ ವಿಮಾ ಯೋಜನೆಯಿಂದ ದೊರೆಯುವುದು ಗರಿಷ್ಠ 7 ಲಕ್ಷ ರೂಪಾಯಿ. ಅದರ ಜೊತೆಗೆ ಪ್ರಮುಖ ನೌಕರನ ಕುಟುಂಬಕ್ಕಾಗಿ ಸಂಸ್ಥೆಯೇ ಒಂದು ಟರ್ಮ್ ವಿಮೆ ಮಾಡಿಸಿಕೊಟ್ಟರೆ ಕೀಮ್ಯಾನ್ ಪಾಲಿಸಿಗೆ ಆತನ ಒಪ್ಪಿಗೆಯೂ ಮನಃಪೂರ್ವಕವಾಗಿರುತ್ತದೆ.

ಪಾಲಿಸಿ ಪಡೆಯುವಾಗ

ವಿಮಾ ಕಂಪನಿಗಳು ಕೇಳಿದಷ್ಟು ಮೊತ್ತ ಕೊಡುವುದಿಲ್ಲ. ಹಿಂದಿನ ಮೂರು ವರ್ಷಗಳ ಲಾಭದ ಸರಾಸರಿ, ವ್ಯಕ್ತಿಯ ವಾರ್ಷಿಕ ಸಂಬಳ ಇವುಗಳ ಇಂತಿಷ್ಟು ಪಟ್ಟು ಎಂದು ತಮ್ಮದೇ ಸೂತ್ರ ಹಾಕುತ್ತವೆ. ಒಬ್ಬ ವ್ಯಕ್ತಿ ಅಥವಾ ಆತನ ಕುಟುಂಬವೇ ಬಹುಪಾಲು ಷೇರು ಹೊಂದಿದ್ದರೆ ಅನೇಕ ಕಂಪನಿಗಳು ಹಿಂಜರಿಯುತ್ತವೆ. ಲಾಭವನ್ನು ಕಡಿಮೆ ತೋರಿಸಿ ತೆರಿಗೆ ಉಳಿಸಿದವರು ಇಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಕಂಪನಿಯಾದರೆ ನಿರ್ದೇಶಕ ಮಂಡಳಿಯ ನಿರ್ಣಯ, ಪಾಲುದಾರಿಕೆಯಾದರೆ ಎಲ್ಲ ಪಾಲುದಾರರ ಒಪ್ಪಿಗೆ ದಾಖಲೆಯಲ್ಲಿರಬೇಕು. ಆ ವ್ಯಕ್ತಿ ಏಕೆ ಪ್ರಮುಖ ಎಂಬುದನ್ನು ನಿರ್ಣಯದಲ್ಲಿ ಎರಡು ವಾಕ್ಯದಲ್ಲಿ ಬರೆದಿಟ್ಟರೆ ಮುಂದೆ ತೆರಿಗೆ ಅಧಿಕಾರಿಗೆ ಉತ್ತರ ಹೇಳುವುದು ಸುಲಭ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ತಂಬಾಕಿನ ಅಭ್ಯಾಸಗಳನ್ನು ಮುಚ್ಚಿಡಕೂಡದು. ವಿಮಾ ಕಾಯಿದೆಯ 45ನೆಯ ಕಲಮಿಗೆ 2015ರಲ್ಲಿ ಆದ ತಿದ್ದುಪಡಿಯಂತೆ ಮೂರು ವರ್ಷಗಳ ನಂತರ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಆದರೆ ಮರಣ ಮೂರು ವರ್ಷ ಕಾಯುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಕೊನೆಯದಾಗಿ, ಪ್ರಮುಖ ವ್ಯಕ್ತಿ ಸಾಯುವುದಕ್ಕಿಂತ ರಾಜೀನಾಮೆ ಕೊಟ್ಟು ಎದುರಿನ ಅಂಗಡಿಗೆ ಸೇರುವ ಸಂಭವವೇ ಹೆಚ್ಚು. ಅದಕ್ಕೆ ಈ ವಿಮೆಯಲ್ಲಿ ಪರಿಹಾರವಿಲ್ಲ. ಕೆಲಸ ಬಿಟ್ಟ ಮೇಲೆ ಅದೇ ಧಂದೆ ಮಾಡಕೂಡದೆಂದು ಬರೆಸಿಕೊಂಡ ಕರಾರೂ ಕರಾರು ಕಾಯಿದೆಯ 27ನೆಯ ಕಲಮಿನಂತೆ ಅನೂರ್ಜಿತ. ಮೇಸ್ತ್ರಿಯ ಪಕ್ಕದಲ್ಲಿ ಇಬ್ಬರು ಹುಡುಗರನ್ನು ನಿಲ್ಲಿಸುವುದು, ದಿವಾನಜಿಯ ಕಿರುಪುಸ್ತಕದಲ್ಲಿರುವ ಬಾಕಿದಾರರ ವಿವರವನ್ನು ಪ್ರತಿ ತಿಂಗಳೂ ಕಂಪ್ಯೂಟರಿಗೆ ಏರಿಸುವುದು, ಬ್ಯಾಂಕಿನ ಮ್ಯಾನೇಜರರ ಬಳಿಗೆ ಹೋಗುವಾಗ ಕಿರಿಯ ಪಾಲುದಾರರನ್ನೂ ಜೊತೆಗೆ ಕರೆದೊಯ್ಯುವುದು ಇಂತಹ ಕೆಲಸಗಳಿಗೆ ಯಾವ ಕಂಪನಿಯೂ ಪಾಲಿಸಿ ಮಾರುವುದಿಲ್ಲ. ಹಾಗೆಂದು ಅವಕ್ಕೆ ಕಂತೂ ಇಲ್ಲ. ಮುಂದಿನ ತಿಂಗಳ ಮೊದಲ ವಾರದಿಂದಲೇ ಆರಂಭಿಸಬಹುದು.