ಗಗನನೌಕೆಯ ಆಟಕ್ಕೊಂದು ಶ್ರುತಿ

ಸಿಂದಗಿಯ ಮಿತ್ರರೇ,

ಮೇಜಿನ ಸುತ್ತ ಕುಳಿತು ಗಗನಯಾತ್ರಿಗಳ ಪಾತ್ರ ವಹಿಸಿ ಕಥೆ ಕಟ್ಟುವ ನಿಮ್ಮ ಆಟದಲ್ಲಿ ಮಾತೇ ಪ್ರಧಾನವಾದುದರಿಂದ, ಸಾಹಿತ್ಯವುಳ್ಳ ಹಾಡುಗಳನ್ನು, ಹಲಸಂಗಿಯ ಗೆಳೆಯರು ಸಂಗ್ರಹಿಸಿದ, ನನಗೆ ಪ್ರಾಣಪ್ರಿಯವಾದ ಗರತಿಯ ಹಾಡುಗಳನ್ನೂ ಸೇರಿಸಿ, ಆ ಹೊತ್ತಿಗೆ ದೂರವಿರಿಸಿ, ತಂಬೂರಿಯ ಮಂದ್ರನಾದವೊಂದನ್ನೇ ಸಣ್ಣಗೆ ಹರಿಯಬಿಡಿರಿ. ಅದರ ಆದ್ಯಂತವಿಲ್ಲದ ಝೇಂಕಾರದಲ್ಲಿ ಅಂತರಿಕ್ಷದ ವಿಸ್ತಾರವು ತಾನಾಗಿ ಮೂಡುವುದು. ಒಂದೇ ವಿನಾಯಿತಿಯುಂಟು: 1977ರಲ್ಲಿ ವಾಯೇಜರ್ ನೌಕೆಗಳು ಹೊತ್ತೊಯ್ದ ಸುವರ್ಣ ಧ್ವನಿಮುದ್ರಿಕೆಯಲ್ಲಿರುವ ಗಾಯಕಿ ಕೇಸರಬಾಯಿ ಕೇರ್ಕರರ ಭೈರವಿ ರಾಗದ ಹಾಡನ್ನು ಪರಗ್ರಹದವರು ಎದುರಾಗುವ ಸನ್ನಿವೇಶಕ್ಕೆ ಮೀಸಲಿಡಬಹುದು. ವಾಯುವಿಲ್ಲದೆಡೆ ಶಬ್ದವು ಸಂಚರಿಸದಾದ್ದರಿಂದ, ಪಾತ್ರಧಾರಿಯು ನೌಕೆಯಿಂದ ಹೊರಗಡಿಯಿಟ್ಟ ಕ್ಷಣ ತಂಬೂರಿಯನ್ನೂ ನಿಲ್ಲಿಸಿರಿ. ನಮ್ಮ ಸೀಮೆಯ ಬಿಸಿಲು ಅವಕಾಶವಿತ್ತರೆ, ತಲೆಯ ಮೇಲಿನ ಫ್ಯಾನನ್ನೂ.