ತಂತಿ ತುಂಡಾದರೂ ದೀಪ ಉರಿದದ್ದೇಕೆ?

ಪ್ರಶ್ನೆ: ನಮ್ಮ ಕಚೇರಿಯ ದೀಪಗಳಿಗೆ ‘ಡಾಲಿ’ ನಿಯಂತ್ರಣ ವ್ಯವಸ್ಥೆ ಇದೆ. ಫಾಲ್ಸ್ ಸೀಲಿಂಗ್ ರಿಪೇರಿ ಮಾಡುವಾಗ ಅದರ ತಂತಿ ತುಂಡಾಯಿತು. ದೀಪಗಳು ಆರುತ್ತವೆ ಅಂದುಕೊಂಡರೆ ಎಲ್ಲವೂ ಪೂರ್ತಿ ಬೆಳಕಿನಲ್ಲಿ ಉರಿಯತೊಡಗಿದವು. ಕರೆಂಟು ಎಲ್ಲಿಂದ ಬಂತು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆ ತಂತಿಯಿಂದ ದೀಪಕ್ಕೆ ಕರೆಂಟು ಬರುತ್ತಲೇ ಇರಲಿಲ್ಲ. ಪ್ರತಿ ದೀಪದ ಡ್ರೈವರ್‌ಗೆ 230 ವೋಲ್ಟಿನ ಲೈನು ಬೇರೆಯೇ ಇರುತ್ತದೆ. ತುಂಡಾದದ್ದು ಸಂದೇಶ ಒಯ್ಯುವ ಜೋಡಿ ತಂತಿ. ಒಂದು ಜೋಡಿಗೆ 64 ಡ್ರೈವರ್‌ಗಳವರೆಗೆ ಸೇರಿಸಿ, ಒಂದೊಂದಕ್ಕೂ ಬೇರೆ ಬೇರೆ ವಿಳಾಸ ಕೊಡಬಹುದು. ಅದಕ್ಕೇ ಕಿಟಕಿ ಪಕ್ಕದ ದೀಪವೊಂದನ್ನೇ ಮಂದ ಮಾಡಲು ಸಾಧ್ಯ.

ನಿಮ್ಮ ಪ್ರಶ್ನೆಯ ಉತ್ತರ ಇರುವುದು ಸಂದೇಶ ಸಾಗುವ ರೀತಿಯಲ್ಲಿ. ಈ ಜೋಡಿಯಲ್ಲಿ ಯಾವ ಸಂದೇಶವೂ ಇಲ್ಲದಾಗ ಸುಮಾರು 16 ವೋಲ್ಟ್ ನಿಂತಿರುತ್ತದೆ. ಆಜ್ಞೆ ಕಳಿಸುವ ಸಾಧನ ಎರಡೂ ತಂತಿಗಳನ್ನು ಶಾರ್ಟ್ ಮಾಡಿ ವೋಲ್ಟೇಜನ್ನು ಸೊನ್ನೆಯ ಹತ್ತಿರಕ್ಕೆ ಇಳಿಸುತ್ತದೆ, ಮತ್ತೆ ಬಿಡುತ್ತದೆ. ಹೀಗೆ ಸೆಕೆಂಡಿಗೆ 1200 ಬಿಟ್ ಹೋಗುತ್ತವೆ. ಒಂದೊಂದು ಇಳಿತವೂ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ವೋಲ್ಟೇಜು ಅರ್ಧ ಸೆಕೆಂಡಿಗೂ ಮೀರಿ ಕಾಣೆಯಾದರೆ ಅದು ಸಂದೇಶವಲ್ಲ, ದೋಷ ಎಂದು ಡ್ರೈವರ್‌ಗೆ ಗೊತ್ತಾಗುತ್ತದೆ. ಕೂಡಲೇ ಅದು ತನ್ನ ನೆನಪಿನಲ್ಲಿರುವ ‘ಸಿಸ್ಟಮ್ ಫೇಲ್ಯೂರ್ ಲೆವೆಲ್’ಗೆ ಹೋಗುತ್ತದೆ. ಕಾರ್ಖಾನೆಯಿಂದ ಬರುವಾಗ ಅದರ ಬೆಲೆ 254, ಅಂದರೆ ಗರಿಷ್ಠ ಬೆಳಕು.

ಇದು ತುಂಬ ವಿವೇಕದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಆಸ್ಪತ್ರೆಯ ಮೆಟ್ಟಿಲಿನಲ್ಲಿ ಜನ ಇಳಿಯುತ್ತಿರುವಾಗ ತಂತಿ ಕೆಟ್ಟರೆ ಕತ್ತಲಾಗುವುದಕ್ಕಿಂತ ಹೆಚ್ಚು ಬೆಳಕಾಗುವುದು ಎಷ್ಟೋ ಮೇಲು. ಈ ಬೆಲೆಯನ್ನು ಬದಲಿಸಲೂಬಹುದು: 255 ಕೊಟ್ಟರೆ ದೀಪ ಇದ್ದ ಮಟ್ಟದಲ್ಲೇ ಉಳಿಯುತ್ತದೆ, 0 ಕೊಟ್ಟರೆ ಆರುತ್ತದೆ. ವಿದ್ಯುತ್ ಉಳಿತಾಯದ ಹೆಸರಿನಲ್ಲಿ ಜನ ಓಡಾಡುವ ಜಾಗಕ್ಕೆ 0 ಕೊಡುವುದು ತಪ್ಪು.

ನಿಮ್ಮಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಉರಿದಿವೆ. ಹಾಗಿದ್ದರೆ ತಂತಿ ಬಹುಶಃ 16 ವೋಲ್ಟ್ ಕೊಡುವ ಪವರ್ ಸಪ್ಲೈ ಹತ್ತಿರವೇ ತುಂಡಾಗಿರಬೇಕು, ಇಲ್ಲವೇ ತುಂಡಾದ ತುದಿಗಳು ಒಂದಕ್ಕೊಂದು ತಾಗಿರಬೇಕು. ದೂರದಲ್ಲೆಲ್ಲೋ ಬರೀ ಕಡಿದಿದ್ದರೆ ಅದರಾಚೆಯ ದೀಪಗಳು ಮಾತ್ರ ಹೀಗೆ ಉರಿಯುತ್ತಿದ್ದವು. ಹುಡುಕುವವರಿಗೆ ಇದನ್ನು ಹೇಳಿ, ಕೆಲಸ ಬೇಗ ಮುಗಿಯುತ್ತದೆ.

ಇನ್ನೊಂದು ಮಾತು. 16 ವೋಲ್ಟ್ ತಾನೇ ಎಂದು ಆ ತಂತಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದು ಹಲವು ಕಡೆ 230 ವೋಲ್ಟಿನ ಲೈನಿನ ಜೊತೆ ಒಂದೇ ಕೇಬಲ್ಲಿನಲ್ಲಿ ಹೋಗಿರುತ್ತದೆ, ಮುಟ್ಟಿದರೂ ಸುರಕ್ಷಿತ ಎನ್ನುವಷ್ಟು ಇನ್ಸುಲೇಷನ್ ಅದಕ್ಕಿರುವುದಿಲ್ಲ. ಎಂಸಿಬಿ ಆಫ್ ಮಾಡಿಸಿದ ಮೇಲೆಯೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಜೋಡಿಸಿ.