ಗಂಟೆ ಬರೆಯದ ಅಂಕಿಗೆ ಬೆಲೆಯಿಲ್ಲ: ವೃಷಭಾವತಿ ಕಲಿಸಿದ ಪಾಠಗಳು

ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತದೆಂಬ ನಂಬಿಕೆಯ ವೃಷಭಾವತಿ, ಗಾಳಿ ಆಂಜನೇಯನ ಗುಡಿ, ಮೈಸೂರು ರಸ್ತೆ, ಕೆಂಗೇರಿ ದಾಟಿ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ಬೆಂಗಳೂರಿನ ಬಹುತೇಕರಿಗೆ ಇದು ಬರೀ ಮೋರಿ. ಇದರ ನೀರನ್ನು ಅಳೆಯುತ್ತ ಓಡಾಡಿ ಕಲಿತದ್ದು ಇಷ್ಟು:

1. ಜಾಗ ಮೊದಲು, ಸೀಸೆ ಆಮೇಲೆ.
ರಾಜಕಾಲುವೆ ಬಂದು ಕೂಡುವ ಕಡೆ ಎರಡು ಜಾಗ ಗೊತ್ತುಮಾಡಿಕೊಳ್ಳಿ: ಒಂದು ಕೂಡುವ ಮುಂಚೆ, ಇನ್ನೊಂದು ಕೂಡಿದ ಮೇಲೆ. ಕೂಡಿದ ನೀರು ಕೂಡಲೇ ಬೆರೆಯುವುದಿಲ್ಲ, ಸ್ವಲ್ಪ ದೂರ ಒಂದೇ ದಂಡೆ ಹಿಡಿದು ಹರಿಯುತ್ತದೆ. ಬೆರೆತ ಕಡೆ, ನಡುಹರಿವಿನಿಂದ ನೀರು ಹಿಡಿಯಿರಿ. ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಕೊಳೆ ಎಲ್ಲಿಂದ ಬಂತೆಂದು ಹೇಳುತ್ತದೆ.

2. ಗಂಟೆ ಬರೆಯಿರಿ.
ಬೆಳಿಗ್ಗೆ ಊರಿನ ಸ್ನಾನ, ಪಾತ್ರೆ ಮುಗಿಯುತ್ತಿದ್ದಂತೆ ಒಳಚರಂಡಿ ನೀರು ಏರುತ್ತದೆ. ಆ ಏರಿಕೆ ಕೆಳಗಿನ ಊರು ಮುಟ್ಟುವುದು ಗಂಟೆಗಳ ನಂತರ. ಪಾಚಿ ಬೆಳೆದ ನೀರಿನಲ್ಲಿ ಕರಗಿದ ಆಮ್ಲಜನಕ ಮಧ್ಯಾಹ್ನ ಹೆಚ್ಚು, ಬೆಳಕು ಹರಿಯುವ ಮುಂಚೆ ತೀರಾ ಕಡಿಮೆ. ಮೀನು ಸಾಯುವುದು ಆ ಹೊತ್ತಿನಲ್ಲೇ. ಹಗಲು ಮಾತ್ರ ಅಳೆದವರಿಗೆ ಕೆರೆ ಚೆನ್ನಾಗಿದೆ ಎಂದೇ ಕಾಣುತ್ತದೆ.

3. ಆಮ್ಲಜನಕವನ್ನು ದಂಡೆಯಲ್ಲೇ ಕಟ್ಟಿಹಾಕಿ.
ಗಾಳಿಗುಳ್ಳೆ ಸೇರದಂತೆ ಸೀಸೆ ತುಂಬಿ, ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೋಡೈಡ್ ದ್ರಾವಣವನ್ನೂ ಅಲ್ಲೇ ಹಾಕಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ. ಗಸಿ ಬಿಳಿಯಾಗೇ ಉಳಿದರೆ ಇಲ್ಲ. ಲ್ಯಾಬ್ ವರದಿಗೆ ಮುಂಚೆಯೇ ಅರ್ಧ ಉತ್ತರ ಕೈಯಲ್ಲಿರುತ್ತದೆ. ಜೈವಿಕ ಆಮ್ಲಜನಕ ಬೇಡಿಕೆಯ (ಬಿಒಡಿ) ಅಂಕಿಗಳನ್ನು ಹೋಲಿಸುವಾಗ ಅದು 27 ಡಿಗ್ರಿಯಲ್ಲಿ 3 ದಿನದ್ದೋ, 20 ಡಿಗ್ರಿಯಲ್ಲಿ 5 ದಿನದ್ದೋ ನೋಡಿ.

4. ಹುಳುಗಳ ಸಾಕ್ಷಿ ಕೇಳಿ.
ಸೀಸೆಯ ನೀರು ಆ ಕ್ಷಣದ ಮಾತು ಹೇಳುತ್ತದೆ, ತಳದ ಹುಳುಗಳು ಕಳೆದ ವಾರಗಳದ್ದು. ಕಚ್ಚದ ಸೊಳ್ಳೆಯಂಥ ಕೈರೊನೊಮಿಡ್ ಕೀಟದ ಕೆಂಪು ಮರಿಗಳು ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಉಸಿರುಗಟ್ಟುವ ಕೆಸರಿನಲ್ಲೂ ಬದುಕುತ್ತವೆ. ಜರಡಿಯಲ್ಲಿ ಅವಷ್ಟೇ ಸಿಕ್ಕಿದರೆ ತೀರ್ಪು ಸ್ಪಷ್ಟ. ಆಮ್ಲಜನಕ ಹೆಚ್ಚು ಬೇಡುವ ಮೇಫ್ಲೈ ಕೀಟದ ಮರಿಗಳು ಸಿಕ್ಕಿದರೆ ಆಸೆ ಇದೆ. ಹಕ್ಕಿ ಕಂಡು ಮಾತ್ರ ಹಿಗ್ಗಬೇಡಿ: ಮೆಟ್ಟುಗಾಲು ಹಕ್ಕಿ ಕೊಳಚೆಯಲ್ಲಿ ಹೆಕ್ಕುವುದು ಇಂಥ ಹುಳುಗಳನ್ನೇ.

5. ಹರಿವು ಅಳೆಯದೆ ಮಳೆಗಾಲದ ಅಂಕಿ ನಂಬಬೇಡಿ.
ಮೊದಲ ಮಳೆ ರಸ್ತೆಯ ಎಣ್ಣೆ, ಮೋರಿಯ ಹೂಳು ಎಲ್ಲವನ್ನೂ ಹೊತ್ತು ತರುತ್ತದೆ. ಆಮೇಲಿನ ಮಳೆಗೆ ನೀರು ತೆಳುವಾಗಿ ಅಂಕಿ ಇಳಿಯುತ್ತದೆ, ಆದರೆ ಬರುವ ಕೊಳೆ ಅಷ್ಟೇ ಇರಬಹುದು. ಕಿತ್ತಳೆ ಹಣ್ಣೊಂದನ್ನು ತೇಲಿಬಿಟ್ಟು, ಅಳತೆಯ ದೂರ ಸಾಗಲು ಎಷ್ಟು ಸೆಕೆಂಡು ಬೇಕಾಯಿತು ನೋಡಿ. ದೂರವನ್ನು ಸೆಕೆಂಡುಗಳಿಂದ ಭಾಗಿಸಿ ಬಂದ ವೇಗವನ್ನು ಸುಮಾರು 0.85ರಿಂದ ಗುಣಿಸಿ, ನೀರಿನ ಅಗಲ, ಆಳಗಳಿಂದಲೂ ಗುಣಿಸಿದರೆ ಹರಿವಿನ ಅಂದಾಜು ಸಿಗುತ್ತದೆ. ಹರಿವನ್ನು ಸಾಂದ್ರತೆಯಿಂದ ಗುಣಿಸಿದಾಗ ಬರುವುದೇ ನಿಜವಾದ ಹೊರೆ.

6. ದರ್ಜೆಯ ಹಿಂದೇನಿದೆ ನೋಡಿ.
ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಯ ‘ಡಿ’ ದರ್ಜೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು. ನೀರಾವರಿಯ ‘ಇ’ ದರ್ಜೆ ನೋಡುವುದು ಪಿಎಚ್, ವಿದ್ಯುತ್ ವಾಹಕತೆ, ಸೋಡಿಯಂ ಅನುಪಾತ, ಬೋರಾನ್ ಮಾತ್ರ. ಮಲದ ಬ್ಯಾಕ್ಟೀರಿಯಾ, ಸೀಸ, ಕ್ರೋಮಿಯಂ ಅದರಲ್ಲಿಲ್ಲ. ಹಾಗಾಗಿ ಕೆರೆ ಕೆಳಗಿನ ರೈತರು “ಸ್ವಾಮಿ, ಸೊಪ್ಪಿಗೆ ಹಾಯಿಸಬಹುದಾ?” ಎಂದರೆ ‘ಇ’ ಎಂಬ ಒಂದಕ್ಷರ ಉತ್ತರವಾಗದು. ನೀರನ್ನು ಯಾರು, ಯಾತಕ್ಕೆ ಬಳಸುತ್ತಾರೆ ಎಂದು ಮೊದಲು ಕೇಳಿ. ಯಾವ ಪರೀಕ್ಷೆ ಬೇಕೆಂಬುದು ಅವರ ಉತ್ತರದಿಂದ ತೀರ್ಮಾನವಾಗಲಿ; ಫಲಿತಾಂಶ ಕಚೇರಿಗೆ ಹೋಗುವ ದಿನವೇ ಅವರ ಕೈಗೂ ಸೇರಲಿ.